ಕೊರಿಯಾದ ತಾಳವಾದ್ಯ ಪರಂಪರೆ

ಕೊರಿಯಾದ ತಾಳವಾದ್ಯಗಳು ಆಸ್ಥಾನದಲ್ಲಿಯೂ ಗದ್ದೆಬಯಲಿನಲ್ಲಿಯೂ ಬೇರೆಬೇರೆಯಾಗಿ ಬೆಳೆದವು. ಆಸ್ಥಾನದ ಇತಿಹಾಸಕ್ಕೆ ಲಿಖಿತ ಆಧಾರ ಹೆಚ್ಚು: 1116ರಲ್ಲಿ ಚೀನಾದ ಸುಂಗ್ ಆಸ್ಥಾನವು ಗೊರ್ಯೊ ರಾಜ್ಯಕ್ಕೆ ಕಂಚಿನ ಗಂಟೆಗಳ ಸಾಲಾದ ಪ್ಯೊಂಜೊಂಗ್ ಮತ್ತು ಶಿಲಾಫಲಕಗಳ ಸಾಲಾದ ಪ್ಯೊಂಗ್ಯೊಂಗ್ ವಾದ್ಯಗಳನ್ನು ಕಳುಹಿಸಿತು, ಜೊಸೊನ್ ದೊರೆ ಸೆಜೊಂಗನ ಕಾಲದಲ್ಲಿ (1418–1450) ನಮ್ಯಾಂಗ್ ಪ್ರದೇಶದಲ್ಲಿ ನಾದಕ್ಕೆ ಒದಗುವ ಕಲ್ಲು ದೊರೆತ ಮೇಲೆ ಪಾಕ್ ಯೊನ್ ಎಂಬ ವಿದ್ವಾಂಸನ ಮೇಲ್ವಿಚಾರಣೆಯಲ್ಲಿ ಅವು ದೇಶದಲ್ಲಿಯೇ ತಯಾರಾದವು. 1493ರ ‘ಅಖಕ್ ಗ್ವೆಬೊಮ್’ ಎಂಬ ಸಂಗೀತಶಾಸ್ತ್ರ ಗ್ರಂಥ ಇಂಥ ವಾದ್ಯಗಳನ್ನು ಚಿತ್ರಸಹಿತ ವಿವರಿಸುತ್ತದೆ.

ಜನಜೀವನದಲ್ಲಿ ಆಳವಾಗಿ ಬೇರೂರಿದ್ದು ಮಾತ್ರ ಪುಂಗ್ಮುಲ್. ನೊಂಗಾಕ್, ಎಂದರೆ ರೈತಸಂಗೀತ, ಎಂದೂ ಕರೆಯಲಾಗುವ ಈ ಕಲೆ, ದುರೆ ಎಂಬ ಸಾಮೂಹಿಕ ದುಡಿಮೆಯ ತಂಡಗಳು ನಾಟಿ ಮಾಡುವಾಗ, ಕಳೆ ಕೀಳುವಾಗ ಮೊಳಗುತ್ತಿತ್ತು. ಚಾಂದ್ರಮಾನ ಹೊಸವರ್ಷದಲ್ಲಿ ಮನೆಮನೆಗೆ ಹೋಗಿ ಭೂದೇವತೆಗಳನ್ನು ಶಾಂತಗೊಳಿಸುವ ಆಚರಣೆಗೂ ಅದೇ ಮೇಳ ಬೇಕಿತ್ತು. ವಾದಕರು ನುಡಿಸುತ್ತಲೇ ಕುಣಿಯುತ್ತಾರೆ, ಕೆಲವರು ಟೋಪಿಗೆ ಕಟ್ಟಿದ ಉದ್ದನೆಯ ಪಟ್ಟಿಯನ್ನು ತಲೆಯ ಚಲನೆಯಿಂದಲೇ ಸುತ್ತಿಸುತ್ತಾರೆ. ಆದ್ದರಿಂದ ಇದನ್ನು ಕೇವಲ ವಾದನವೆಂದು ಎಣಿಸುವುದು ಸರಿಯಾಗದು.

ಮೇಳದ ಮುಖ್ಯ ವಾದ್ಯಗಳು ನಾಲ್ಕು. ತೀಕ್ಷ್ಣ ಧ್ವನಿಯ ಚಿಕ್ಕ ಜಾಗಟೆ ಕ್ವೆಂಗ್ವಾರಿಯನ್ನು ಹಿಡಿದ ನಾಯಕನು ಗತಿಯನ್ನು ಬದಲಿಸುತ್ತಾನೆ. ದೊಡ್ಡ ಜಾಗಟೆ ಜಿಂಗ್‌ನ ದೀರ್ಘನಾದ ಆವರ್ತದ ಮುಖ್ಯ ಘಟ್ಟಗಳನ್ನು ಗುರುತಿಸುತ್ತದೆ. ಪೀಪಾಯಿಯಾಕಾರದ ಬುಕ್ ಗಟ್ಟಿಯಾದ ತಳಹದಿ ಒದಗಿಸುತ್ತದೆ. ನಾಲ್ಕರಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಜಾಂಗು: ನಡು ಸಣ್ಣದಾಗಿ ಎರಡೂ ಕೊನೆ ಅಗಲವಾಗಿರುವ ಈ ಮದ್ದಳೆಯ ಎಡಮುಖವನ್ನು ಗುಂಡುತುದಿಯ ಕೋಲಿನಿಂದಲೂ ಬಲಮುಖವನ್ನು ತೆಳುವಾದ ಬಿದಿರುಕಡ್ಡಿಯಿಂದಲೂ ನುಡಿಸಿ ಮಂದ್ರ ಮತ್ತು ತಾರ ನಾದಗಳನ್ನು ಹೆಣೆಯಲಾಗುತ್ತದೆ. ಜಾಂಗ್ದಾನ್ ಎಂಬ ತಾಳಮಾದರಿಗಳಲ್ಲಿ ಕೆಲವಕ್ಕೆ ಆವರ್ತದಲ್ಲಿ ಜಿಂಗ್‌ಗೆ ಬೀಳುವ ಪೆಟ್ಟುಗಳ ಎಣಿಕೆಯೇ ಹೆಸರು ಕೊಟ್ಟಿದೆ. ಏಳು ಪೆಟ್ಟುಗಳ ಚಿಲ್ಚೆಯಲ್ಲಿ ಎರಡರ ಮತ್ತು ಮೂರರ ಗುಂಪುಗಳು ಬೆರೆಯುತ್ತವೆ.

ಕೈಗಾರಿಕೀಕರಣದಿಂದ ಹಳ್ಳಿಗಳು ಬರಿದಾಗುತ್ತಿದ್ದ ಹೊತ್ತಿನಲ್ಲಿ, 1978ರಲ್ಲಿ, ಅಲೆಮಾರಿ ಕಲಾವಿದರ ನಮ್ಸದಾಂಗ್ ಪರಂಪರೆಯಿಂದ ಬಂದ ಕಿಮ್ ದುಕ್-ಸೂ ಮತ್ತು ಸಂಗಡಿಗರು ಸಿಯೋಲ್‌ನ ಪುಟ್ಟ ರಂಗಮಂದಿರವೊಂದರಲ್ಲಿ ಈ ನಾಲ್ಕು ವಾದ್ಯಗಳ ಕಛೇರಿ ನಡೆಸಿದರು. ಸಮುಲ್‌ನೋರಿ ಎಂದು ಹೆಸರಾದ ಆ ಶೈಲಿ ಕುಳಿತು ನುಡಿಸುವ ಕ್ರಮವನ್ನು ಪ್ರಚಲಿತಗೊಳಿಸಿ ಲಯದ ಸಂಕೀರ್ಣತೆಯನ್ನು ಮುಂದೆ ತಂದಿತು, ಆದರೆ ಮೆರವಣಿಗೆ ಮತ್ತು ಊರಿನ ಪಾಲ್ಗೊಳ್ಳುವಿಕೆ ಹಿಂದೆ ಸರಿದವು. 1980ರ ದಶಕದ ವಿದ್ಯಾರ್ಥಿಗಳು ಪುಂಗ್ಮುಲ್ ಅನ್ನು ಪ್ರಜಾಪ್ರಭುತ್ವಪರ ಹೋರಾಟದ ಬೀದಿಗಳಿಗೆ ತಂದು ಆ ಸಾಮೂಹಿಕತೆಗೆ ಮರುಜೀವ ನೀಡಿದರು. 2014ರಲ್ಲಿ ಯುನೆಸ್ಕೋ ನೊಂಗಾಕ್ ಅನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜಿಂಜು, ಪಿಲ್ಬೊಂಗ್, ಗಾಂಗ್ನುಂಗ್ ಮೊದಲಾದ ಊರುಗಳ ಮೇಳಗಳು ತಂತಮ್ಮ ಶೈಲಿಯನ್ನು ಈಗಲೂ ಕಲಿಸುತ್ತಿವೆ.