‘ಸದ್ಭಾವನೆಯಿಂದ’ ಮತ್ತು ‘ಬೋನಾಫೈಡ್’: ಒಂದು ಲ್ಯಾಟಿನ್ ಪದಗುಚ್ಛದ ಎರಡು ಕನ್ನಡ ರೂಪಗಳು

ಕರ್ನಾಟಕದ ಬೇರೆಡೆಗಳಲ್ಲಿರುವಂತೆ ಪೊನ್ನಂಪೇಟೆಯ ಕಾಲೇಜು ಕಚೇರಿಯಲ್ಲಿಯೂ ‘ಬೋನಾಫೈಡ್ ಬೇಕು’ ಎಂದರೆ ಅದರ ಅರ್ಥ ಒಂದು ಕಾಗದ: ಕೇಳುತ್ತಿರುವವರು ಆ ಸಂಸ್ಥೆಯ ವಿದ್ಯಾರ್ಥಿಯೆಂದು ದೃಢೀಕರಿಸುವ ಪ್ರಮಾಣಪತ್ರ. ಲ್ಯಾಟಿನ್ನಿನಲ್ಲಿ ಈ ಪದಗುಚ್ಛ ವಸ್ತುವಾಚಕವಾಗಿರಲಿಲ್ಲ. ಕ್ರಿಯೆ ನಡೆದ ಬಗೆಯನ್ನು ಸೂಚಿಸುತ್ತಿತ್ತು. ಈ ಪಲ್ಲಟದ ಹಂತಗಳನ್ನು ಗುರುತಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

‘ಬೊನಾ ಫಿದೇ’ ಎಂಬುದು ‘ಬೊನ ಫಿದೇಸ್’, ಅಂದರೆ ಒಳ್ಳೆಯ ನಂಬಿಕೆ, ಎಂಬ ಸ್ತ್ರೀಲಿಂಗ ಪದಗುಚ್ಛದ ಏಕವಚನ ಪಂಚಮೀ ರೂಪ. ಕ್ರಯ, ಬಾಡಿಗೆ, ಪಾಲುದಾರಿಕೆಯ ವ್ಯಾಜ್ಯಗಳಲ್ಲಿ ರೋಮನ್ ನ್ಯಾಯಾಧೀಶನು ‘ಎಕ್ಸ್ ಫಿದೇ ಬೊನಾ’ ಸಲ್ಲಬೇಕಾದುದನ್ನು ನಿರ್ಣಯಿಸಬೇಕಿತ್ತು. ಈ ಮಾತಿನ ವ್ಯಾಪ್ತಿ ಅತಿ ವಿಶಾಲವೆಂಬ ಸ್ಕೇವೊಲನ ಅಭಿಪ್ರಾಯವನ್ನು ಸಿಸೆರೊ ಕ್ರಿ.ಪೂ. 44ರ ‘ದೆ ಒಫಿಕಿಯಿಸ್’ ಕೃತಿಯಲ್ಲಿ ದಾಖಲಿಸಿದ್ದಾನೆ.

ಇಂಗ್ಲಿಷಿಗೆ ಇದು 16ನೆಯ ಶತಮಾನದಲ್ಲಿ ಕಾನೂನಿನ ಭಾಷೆಯ ಮೂಲಕ ಕ್ರಿಯಾವಿಶೇಷಣವಾಗಿ ಬಂದಿತು. 18ನೆಯ ಶತಮಾನದಲ್ಲಿ ‘ನೈಜ’ ಎಂಬರ್ಥದ ಗುಣವಾಚಕವೂ ಆಯಿತು. ವಿಭಕ್ತಿಯ ಅರಿವು ಅಳಿದುದಕ್ಕೆ ಇನ್ನೊಂದು ಸಾಕ್ಷ್ಯವಿದೆ: ಏಕವಚನವಾದ ‘ಫಿದೇಸ್’ನ ಕೊನೆಯ ಸಕಾರವನ್ನು ಇಂಗ್ಲಿಷ್ ಭಾಷಿಕರು ಬಹುವಚನವೆಂದು ಭಾವಿಸಿ, ಅದಕ್ಕೆ ಬಹುವಚನದ ಕ್ರಿಯಾಪದವನ್ನು ಬಳಸುತ್ತಾರೆ.

ಕನ್ನಡದಲ್ಲಿ ಈ ಪದಗುಚ್ಛಕ್ಕೆ ಎರಡು ರೂಪಗಳಿವೆ. ಒಂದು, ಎರವಲು. ‘ಫೈಡ್’ನಲ್ಲಿರುವ ಐಕಾರ, ಮೂರ್ಧನ್ಯ ಡಕಾರ ಹಾಗೂ ಅಂತ್ಯಸ್ವರದ ಲೋಪ ಇವು ಪದವು ಲ್ಯಾಟಿನ್ನಿನಿಂದ ನೇರವಾಗಿ ಬರದೆ ಇಂಗ್ಲಿಷಿನ ಮೂಲಕ ಬಂದುದನ್ನು ತೋರಿಸುತ್ತವೆ. ‘ಸರ್ಟಿಫಿಕೇಟ್’ ಎಂಬ ವಿಶೇಷ್ಯ ಲೋಪಗೊಂಡು ಗುಣವಾಚಕವೇ ನಾಮಪದವಾಗಿದೆ. ‘ಬೋನಾಫೈಡನ್ನು’ ಎಂಬಂತೆ ವಿಭಕ್ತಿ ಪ್ರತ್ಯಯವನ್ನೂ ಪಡೆಯುತ್ತದೆ. ಎರಡು, ಶಾಸನಗಳ ಕನ್ನಡದ ‘ಸದ್ಭಾವನೆಯಿಂದ’. ಇದು ಇಂಗ್ಲಿಷ್ ಪರ್ಯಾಯದ ಮೂಲಕ ಬಂದ ಅನುವಾದವಾದರೂ ಇದರ ‘-ಇಂದ’ ಪ್ರತ್ಯಯ ಲ್ಯಾಟಿನ್ ಪಂಚಮಿಯ ರೀತಿವಾಚಕ ಕಾರ್ಯವನ್ನೇ ನಿರ್ವಹಿಸುತ್ತದೆ. ಎರವಲು ಧ್ವನಿಯ ಕುರುಹನ್ನು ಉಳಿಸಿಕೊಂಡರೆ, ಅನುವಾದ ವ್ಯಾಕರಣವನ್ನು ಉಳಿಸಿಕೊಂಡಿದೆ.

ಅರ್ಥದ ವಿಷಯದಲ್ಲಿ ಮಾತ್ರ ಅನುವಾದವೂ ಸರಳವಲ್ಲ. 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯ 52ನೆಯ ಕಲಮಿನ ಪ್ರಕಾರ ತಕ್ಕ ಎಚ್ಚರಿಕೆಯಿಲ್ಲದೆ ಮಾಡಿದ್ದು ಸದ್ಭಾವನೆಯಿಂದ ಮಾಡಿದ್ದಾಗುತ್ತಿರಲಿಲ್ಲ; 1897ರ ಸಾಮಾನ್ಯ ಖಂಡಗಳ ಅಧಿನಿಯಮದ ಪ್ರಕಾರ ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ಅಜಾಗರೂಕತೆಯಿದ್ದರೂ ಬಾಧಕವಿಲ್ಲ. ಆರೋಪಿಯ ಹೊಣೆಯನ್ನು ನಿರ್ಧರಿಸಬಲ್ಲ ಈ ಭೇದವನ್ನು ಕನ್ನಡದ ಒಂದೇ ಪದ ಮರೆಮಾಡುತ್ತದೆ.

ಆದಕಾರಣ ‘ಬೋನಾಫೈಡ್’ ಎಂಬುದನ್ನು ಅಪಭ್ರಷ್ಟವೆಂದು ತಳ್ಳಿಹಾಕುವುದು ಸರಿಯಲ್ಲ. ಅದು ಇಂದು ಸ್ವತಂತ್ರ ಕನ್ನಡ ನಾಮಪದ. ನಿಘಂಟುಕಾರರು ಅದಕ್ಕೆ ‘ಸದ್ಭಾವನೆ’ ಎಂಬ ಅರ್ಥ ಕೊಟ್ಟು ಮುಗಿಸದೆ ಪ್ರತ್ಯೇಕ ನಮೂದನ್ನು ನೀಡಬೇಕು. ‘ಸದ್ಭಾವನೆ’ಯ ನಮೂದಿನಲ್ಲಿ ಮೇಲಿನ ಎರಡು ಶಾಸನಾರ್ಥಗಳನ್ನು ಬಿಡಿಸಿ ಹೇಳಬೇಕು.