ತಂತಿಯಿಲ್ಲದ ಪೆಟ್ಟಿಗೆ ಸವಣೂರಿಗೆ ಬಂದ ದಾರಿ

ಮನೆಯ ಮೂಲೆಯಲ್ಲೊಂದು ಪುಟ್ಟ ಪೆಟ್ಟಿಗೆ. ಅದಕ್ಕೆ ತಂತಿಯ ಹಂಗಿಲ್ಲ. ಪಕ್ಕದ ಕೋಣೆಯ ಮೊಬೈಲಿನಿಂದ ಹಾಡು ಹರಿದುಬರುತ್ತದೆ. ಇಂಥ ನಿಸ್ತಂತು ಸ್ಪೀಕರುಗಳನ್ನು ಮಾರಲು ಹೊಸ ಹೊಸ ಕಂಪನಿಗಳು ಹುಟ್ಟಿಕೊಂಡಿವೆ. ಆದರೆ ತಂತಿಯಿಲ್ಲದೆ ಮನೆಯೊಳಕ್ಕೆ ನಾದ ತರುವ ವ್ಯಾಪಾರ ಹೊಸದೇನಲ್ಲ. ನಮ್ಮ ದೇಶದಲ್ಲಿ ಅದಕ್ಕೆ ನೂರು ವರ್ಷಗಳ ಹತ್ತಿರದ ಇತಿಹಾಸವಿದೆ. ಅದಕ್ಕೆ ದೊಡ್ಡ ಪ್ರಮಾಣದಲ್ಲಿ ಕೈಹಾಕಿದ ಮೊದಲ ಕಂಪನಿ ಮೂರು ವರ್ಷವೂ ಬಾಳಲಿಲ್ಲ. ಅದು ಏಕೆ ಸೋತಿತು, ಮುಂದೆ ಅದೇ ರೇಡಿಯೊ ಸವಣೂರಿನಂಥ ಊರಿನಲ್ಲಿ ಹೇಗೆ ನೆಲೆಯೂರಿತು ಎಂಬುದು ಇಂದಿಗೂ ಪಾಠವಾಗಬಲ್ಲ ಸಂಗತಿ.

1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಪ್ರಸಾರವನ್ನು ವೈಸರಾಯ್ ಲಾರ್ಡ್ ಇರ್ವಿನ್ ಉದ್ಘಾಟಿಸಿದರು. ಮರುತಿಂಗಳು ಕಲ್ಕತ್ತೆಯ ಕೇಂದ್ರ ಆರಂಭವಾಯಿತು. ಇದು ಖಾಸಗಿ ಸಂಸ್ಥೆ. ರೇಡಿಯೊ ಇಟ್ಟುಕೊಂಡವರು ಕಟ್ಟುವ ವರ್ಷಕ್ಕೆ ಹತ್ತು ರೂಪಾಯಿಯ ಲೈಸೆನ್ಸ್ ಶುಲ್ಕದಲ್ಲಿ ದೊಡ್ಡ ಪಾಲು, ಆಮದಾದ ಸೆಟ್ಟುಗಳ ಬೆಲೆಯಲ್ಲಿ ಒಂದಿಷ್ಟು, ಇದೇ ಅದರ ವರಮಾನ. ಆದರೆ 1930ರ ವೇಳೆಗೆ ಇಡೀ ದೇಶದ ಲೈಸೆನ್ಸುಗಳ ಸಂಖ್ಯೆ ಎಂಟು ಸಾವಿರವನ್ನೂ ಮುಟ್ಟಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ಸರ್ಕಾರ ಪ್ರಸಾರವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರಾಯಿತು.

ಸವಣೂರಿನ ಕಡೆಯಿಂದ ನೋಡಿದರೆ ಈ ಸೋಲಿನ ಕಾರಣ ಸ್ಪಷ್ಟವಾಗುತ್ತದೆ. ಆಗ ಸವಣೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ನಡುವೆ ಇದ್ದ ಪುಟ್ಟ ನವಾಬಿ ಸಂಸ್ಥಾನ. ಸುತ್ತಲೂ ಜೋಳ, ಹತ್ತಿಯ ಹೊಲಗಳು, ಹೆಸರಾದ ಎಲೆಬಳ್ಳಿಯ ತೋಟಗಳು. ಮುಂಬಯಿಯ ಪ್ರೇಕ್ಷಕವಿಗೆ ಇದ್ದ ಶಕ್ತಿ ಒಂದೂವರೆ ಕಿಲೋವ್ಯಾಟ್ ಮಾತ್ರ. ನೂರಾರು ಮೈಲಿ ದಾಟಿ ಇಲ್ಲಿಗೆ ಅದು ಬಂದರೂ ಕ್ಷೀಣವಾಗಿ ಬರಬೇಕು. ಹೆಸರಿಗೆ ಅದು ನಿಸ್ತಂತು. ಆದರೆ ಅಲೆಗಳನ್ನು ಹಿಡಿಯಲು ಛಾವಣಿಯ ಮೇಲೊಂದು ಏರಿಯಲ್ ತಂತಿ, ಹಸಿ ನೆಲಕ್ಕೆ ಹೂತ ಅರ್ಥ್ ತಂತಿ, ಇವೆರಡೂ ಬೇಕು. ಒಳಗಿನ ವಾಲ್ವುಗಳು ಕಾದ ಮೇಲೆಯೇ ದನಿ ಹೊರಡುವುದರಿಂದ ವಿದ್ಯುತ್ತೂ ಬೇಕು. ಕರೆಂಟಿಲ್ಲದ ಊರಿನಲ್ಲಿ ಭಾರವಾದ, ದುಬಾರಿಯಾದ ಬ್ಯಾಟರಿಗಳೇ ಗತಿ. ಇಷ್ಟೆಲ್ಲ ಮಾಡಿ ಕಿವಿಗೊಟ್ಟರೆ ಕೇಳುವುದು ದೂರದ ಮಹಾನಗರದ ಅಭಿರುಚಿಗೆ ಹೊಂದಿಸಿದ ಕಾರ್ಯಕ್ರಮ. ಅದಕ್ಕಾಗಿ ಹಣ ಕೊಡುವ ಮಂದಿ ಎಷ್ಟು ಸಿಕ್ಕಾರು?

ಕನ್ನಡಕ್ಕೆ ಬಾನುಲಿಯಲ್ಲಿ ಮನೆ ಕಟ್ಟಿದವರು ವ್ಯಾಪಾರಿಗಳಲ್ಲ, ಒಬ್ಬ ಮೇಷ್ಟರು. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರೇಕ್ಷಕವಿಟ್ಟು ಪ್ರಸಾರ ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು. ಆದರೆ ನೂರು ವ್ಯಾಟಿಗೂ ಕಡಿಮೆ ಶಕ್ತಿಯ ಆ ದನಿ ತುಂಗಭದ್ರೆಯನ್ನು ದಾಟಿ ಬರುವಂಥದಾಗಿರಲಿಲ್ಲ.

ಈ ಸೀಮೆಯ ಪಾಲಿಗೆ ನಿಜವಾದ ತಿರುವು 1950ರ ಜನವರಿ 8ರಂದು ಆರಂಭವಾದ ಧಾರವಾಡ ನಿಲಯ. ಆಗ ಕೇಂದ್ರದಲ್ಲಿ ಪ್ರಸಾರ ಖಾತೆಯ ಸಚಿವರಾಗಿದ್ದವರು ಧಾರವಾಡದವರೇ ಆದ ಆರ್.ಆರ್. ದಿವಾಕರ. ಎರಡು ವರ್ಷ ಹಿಂದಷ್ಟೇ, 1948ರಲ್ಲಿ, ಸವಣೂರು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿತ್ತು. ನವಾಬಿ ಹೋಗಿ ತಾನು ಯಾವ ನಾಡಿನ ಊರು ಎಂಬುದು ಇನ್ನೂ ತೀರ್ಮಾನವಾಗದ ಕಾಲದಲ್ಲಿ, ನೂರು ಕಿಲೋಮೀಟರಿನೊಳಗಿನ ಊರಿನಿಂದ ತನ್ನದೇ ಮಾತು ಗಾಳಿಯಲ್ಲಿ ಬಂದಿತು. ಏಕೀಕರಣವಾದದ್ದು 1956ರಲ್ಲಿ. ಕಿವಿಗಳ ಏಕೀಕರಣ ಅದಕ್ಕೆ ಮೊದಲೇ ಶುರುವಾಗಿತ್ತೆನ್ನಬೇಕು. ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿ, ನಿಲಯಕ್ಕೆ ಸಂಗೀತ ಸಲಹೆಗಾರರಾಗಿದ್ದ ಮಲ್ಲಿಕಾರ್ಜುನ ಮನಸೂರ, ಅಲ್ಲಿ ಕೆಲಸ ಮಾಡುತ್ತಿದ್ದ ಕಾದಂಬರಿಕಾರ ಎನ್ಕೆ ಇವರೆಲ್ಲ ದೂರದವರಲ್ಲ, ನಮ್ಮ ಕಡೆಯವರು.

ಸಂಗೀತಕ್ಕೆ ಮಾತ್ರ ಜನ ರೇಡಿಯೊ ಕೊಂಡರೆಂದು ಹೇಳಲಾಗದು. 1952ರಲ್ಲಿ ಕೇಂದ್ರ ಸಚಿವರಾದ ಬಿ.ವಿ. ಕೇಸ್ಕರ್ ಚಿತ್ರಗೀತೆಗಳನ್ನು ದೂರವಿಟ್ಟು ಶಾಸ್ತ್ರೀಯ ಸಂಗೀತಕ್ಕೆ ಆದ್ಯತೆ ಕೊಟ್ಟರು. ಕೇಳುಗರು ಜಗಳವಾಡಲಿಲ್ಲ, ಸುಮ್ಮನೆ ಮುಳ್ಳು ತಿರುಗಿಸಿ ಸಿಲೋನ್ ರೇಡಿಯೊ ಹಚ್ಚಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ತಂದು ಆಕಾಶವಾಣಿಯೇ ಅವರ ಹಿಂದೆ ಹೋಗಬೇಕಾಯಿತು.

ಇನ್ನು ಉಳಿದದ್ದು ಕರೆಂಟಿನ ತೊಡಕು. ಅದನ್ನು ಬಿಡಿಸಿದ್ದು 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್. ಇದಕ್ಕೆ ವಾಲ್ವಿನಂತೆ ಕಾಯುವ ಅಗತ್ಯವಿಲ್ಲ. ಬ್ಯಾಟರಿಗೆ ಹಾಕುವ ಸಣ್ಣ ಸೆಲ್ಲುಗಳೇ ಸಾಕು. ಅರವತ್ತರ ದಶಕದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಈ ಬಿಡಿಭಾಗಗಳನ್ನು ದೇಶದಲ್ಲಿಯೇ ತಯಾರಿಸತೊಡಗಿತು. ಏರಿಯಲ್ ಕಂಬ ಇಳಿಯಿತು, ರೇಡಿಯೊ ಪಡಸಾಲೆಯಿಂದ ಎದ್ದು ಹೊಲಕ್ಕೆ, ಎಲೆತೋಟಕ್ಕೆ, ಚಹಾದಂಗಡಿಗೆ ನಡೆಯಿತು. ಪೋಸ್ಟಾಫೀಸಿನಲ್ಲಿ ವರ್ಷವರ್ಷ ಲೈಸೆನ್ಸ್ ನವೀಕರಿಸುವ ಪದ್ಧತಿ ಮಾತ್ರ ಎಂಬತ್ತರ ದಶಕದವರೆಗೂ ಉಳಿದಿತ್ತು.

ಹೀಗೆ ನೋಡಿದರೆ ಈ ಪೆಟ್ಟಿಗೆ ಗೆದ್ದದ್ದು ಎರಡು ಕಾರಣಕ್ಕೆ: ಸಾಮಾನ್ಯನ ಮನೆಯ ಸ್ಥಿತಿಗೆ ಅದು ಹೊಂದಿಕೊಂಡಿತು, ಅವನ ಮಾತನ್ನಾಡಿತು. ಎರಡರಲ್ಲಿ ಒಂದೇ ಇದ್ದಾಗ ಅರ್ಧ ದಾರಿಯಲ್ಲಿ ನಿಂತಿತು. ಎರಡೂ ಇಲ್ಲದಿದ್ದಾಗ ಕಂಪನಿಯೇ ಮುಳುಗಿತು. ಇಂದಿನ ಬ್ಲೂಟೂತ್ ಸ್ಪೀಕರಿಗೂ ಈ ಅಳತೆಗೋಲು ಸಲ್ಲುತ್ತದೆ. ಅದೂ ರೇಡಿಯೊ ಅಲೆಯೇ, ಆದರೆ ಅದು ದಾಟುವುದು ಸಾಮಾನ್ಯವಾಗಿ ಹತ್ತಾರು ಅಡಿಗಳನ್ನಷ್ಟೇ. ಉಳಿದ ದೂರದ ಹೊಣೆ ಮೊಬೈಲಿನದು. ಈಗ ಆಡಿದ ಮಾತನ್ನು ಕೇಳಿಸಿಕೊಂಡು ಹಾಡು ಹಚ್ಚುವ ಸ್ಪೀಕರುಗಳೂ ಬಂದಿವೆ. ಹಿಂದೆ ಪೆಟ್ಟಿಗೆ ಆಡುವ ಮಾತು ನಮಗೆ ತಿಳಿದರೆ ಸಾಕಿತ್ತು. ಇನ್ನು ಮುಂದೆ ನಾವಾಡುವ ಮಾತು ಪೆಟ್ಟಿಗೆಗೂ ತಿಳಿಯಬೇಕು. ಸವಣೂರಿನ ಅಜ್ಜಿಯೊಬ್ಬಳು ‘ಒಂದ್ ತತ್ವಪದ ಹಚ್ಚಪ್ಪಾ’ ಎಂದರೆ ಅದಕ್ಕೆ ಅರ್ಥವಾದೀತೇ? ಹೊಸ ಕಂಪನಿಗಳು ಉಳಿಯುವುದು ಅಳಿಯುವುದು ಇಂಥ ಪ್ರಶ್ನೆಯ ಮೇಲೆಯೇ ನಿಂತಿದೆ.