ಹತ್ತು ಲಕ್ಷ ದಾಖಲೆಗಳ ಓಟ

ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು ಗುಮಾಸ್ತಿಕೆಯಲ್ಲೇ ಅತ್ಯಂತ ಬೇಸರದ ಕೆಲಸ. ಮತದಾರರ ಪಟ್ಟಿ, ಟೆಲಿಫೋನ್ ಡೈರೆಕ್ಟರಿ, ಬ್ಯಾಂಕಿನ ಖಾತೆಗಳು - ಎಲ್ಲಕ್ಕೂ ಈ ಜೋಡಣೆ ಬೇಕು. ಕಂಪ್ಯೂಟರ್ ಬಂದ ಮೇಲೆ ಈ ಹೊರೆ ಯಂತ್ರದ ಹೆಗಲಿಗೆ ಬಿತ್ತು. ಅಚ್ಚರಿಯೆಂದರೆ, ಇದೇ ನೀರಸ ಕೆಲಸವನ್ನು ಪಂದ್ಯವಾಗಿಸಿಕೊಂಡು ಚತುರ ಪ್ರೋಗ್ರಾಂ ರಚನಕಾರರು ದಶಕಗಳ ಕಾಲ ಪರಸ್ಪರ ಸೆಣಸಿದ್ದಾರೆ. ಕಂಪ್ಯೂಟರಿನ ವೇಗವೆಂದರೆ ಏನು ಎಂಬ ತಿಳಿವಳಿಕೆಯನ್ನೇ ಈ ಸ್ನೇಹದ ಪಂದ್ಯ ತಿದ್ದಿತು.

1980ರ ದಶಕದಲ್ಲಿ ಪ್ರತಿಯೊಂದು ಕಂಪನಿಯೂ ತನ್ನ ಯಂತ್ರವೇ ವೇಗಶಾಲಿ ಎಂದು ಸಾರುತ್ತಿತ್ತು. ಕೊಳ್ಳುವ ಬ್ಯಾಂಕಿಗಾಗಲಿ ಸರ್ಕಾರಿ ಕಚೇರಿಗಾಗಲಿ ಈ ಮಾತನ್ನು ತೂಗಿ ನೋಡಲು ಒಪ್ಪಿತವಾದ ತಕ್ಕಡಿ ಇರಲಿಲ್ಲ. ಅಮೆರಿಕದ ಟ್ಯಾಂಡೆಮ್ ಕಂಪನಿಯಲ್ಲಿದ್ದ ಜಿಮ್ ಗ್ರೇ ಎಂಬ ವಿಜ್ಞಾನಿ ವಿವಿಧ ಕಂಪನಿ, ವಿಶ್ವವಿದ್ಯಾಲಯಗಳ ಸುಮಾರು ಎರಡು ಡಜನ್ ತಜ್ಞರ ಸಲಹೆ ಪಡೆದು ಒಂದು ಲೇಖನ ಸಿದ್ಧಪಡಿಸಿದರು. 1985ರ ಏಪ್ರಿಲ್ 1ರಂದು 'ಡೇಟಾಮೇಷನ್' ಪತ್ರಿಕೆಯಲ್ಲಿ ಅದು ಪ್ರಕಟವಾದಾಗ ಲೇಖಕರ ಹೆಸರಿನ ಜಾಗದಲ್ಲಿದ್ದುದು 'ಅನಾಮಿಕ ಮತ್ತು ಇತರರು' ಎಂದು ಮಾತ್ರ. ಅಳತೆಗೋಲು ಯಾವುದೇ ಒಂದು ಕಂಪನಿಯ ಸ್ವತ್ತು ಎನಿಸಬಾರದೆಂಬುದು ಅದರ ಹಿಂದಿನ ಎಚ್ಚರ.

ಲೇಖನದಲ್ಲಿ ಮೂರು ಪರೀಕ್ಷೆಗಳಿದ್ದವು. ಅವುಗಳಲ್ಲೊಂದು ಜೋಡಣೆಯದು. ತಲಾ 100 ಅಕ್ಷರಗಳ ಹತ್ತು ಲಕ್ಷ ದಾಖಲೆಗಳು ಡಿಸ್ಕಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಪ್ರತಿ ದಾಖಲೆಯಲ್ಲೂ 10 ಅಕ್ಷರಗಳ ಒಂದು 'ಕೀಲಿ' ಉಂಟು. ಆ ಕೀಲಿಯ ಅನುಕ್ರಮದಲ್ಲಿ ಎಲ್ಲವನ್ನೂ ಜೋಡಿಸಿ ಮತ್ತೆ ಡಿಸ್ಕಿಗೇ ಬರೆಯಬೇಕು. ಎಷ್ಟು ಹೊತ್ತು ಹಿಡಿಯಿತು? ಪಂದ್ಯವೆಂದರೆ ಇಷ್ಟೇ.

ಬ್ಯಾಂಕಿನ ಜಮಾ-ಖರ್ಚನ್ನು ಅನುಕರಿಸುವ ಇನ್ನೊಂದು ಪರೀಕ್ಷೆಯನ್ನು ಕಂಪನಿಗಳು ತಮಗೆ ಬೇಕಾದಂತೆ ತಿರುಚತೊಡಗಿದವು. ಅದಕ್ಕೆ ಕಡಿವಾಣ ಹಾಕಲು 1988ರಲ್ಲಿ ಪ್ರತ್ಯೇಕ ಮಂಡಳಿಯೇ ಸ್ಥಾಪನೆಯಾಗಬೇಕಾಯಿತು. ಜೋಡಣೆಯ ಪರೀಕ್ಷೆ ಮಾತ್ರ ಆಟವಾಗಿಯೇ ಉಳಿಯಿತು. ಗೆದ್ದವರು ತಮ್ಮ ಉಪಾಯವನ್ನು ಬಚ್ಚಿಡದೆ ಬರೆದು ಪ್ರಕಟಿಸುತ್ತಿದ್ದರು. ಮುಂದಿನವರು ಅದರ ಮೇಲೆ ಕಟ್ಟುತ್ತಿದ್ದರು.

ಮೊದಲ ವರ್ಷಗಳಲ್ಲಿ ಗೆಲುವು ದುಬಾರಿ ಯಂತ್ರಗಳ ಪಾಲಾಯಿತು. 32 ಸಂಸ್ಕಾರಕಗಳು, ಅಷ್ಟೇ ಡಿಸ್ಕುಗಳಿದ್ದ ಒಂದು ಯಂತ್ರ ಹತ್ತು ಲಕ್ಷ ದಾಖಲೆಗಳನ್ನು ಒಂದು ನಿಮಿಷದೊಳಗೆ ಜೋಡಿಸಿತು. 1994ರಲ್ಲಿ ಈ ದಾಖಲೆ ಹೇಳಹೆಸರಿಲ್ಲದಂತಾಯಿತು. ಕ್ರಿಸ್ ನೈಬರ್ಗ್, ಟಾಮ್ ಬಾರ್ಕ್ಲೇ, ಜಾರ್ಕಾ ಸ್ವೆಟಾನೊವಿಕ್, ಜಿಮ್ ಗ್ರೇ, ಡೇವಿಡ್ ಲೊಮೆಟ್ ಎಂಬ ಐವರು ಪ್ರಕಟಿಸಿದ 'ಆಲ್ಫಾಸಾರ್ಟ್' ಪ್ರೋಗ್ರಾಂ ಮಾರುಕಟ್ಟೆಯಲ್ಲಿ ಸಿಗುವ ಸಂಸ್ಕಾರಕ, ಡಿಸ್ಕುಗಳನ್ನೇ ಬಳಸಿ ಅದೇ ಕೆಲಸವನ್ನು ಏಳು ಸೆಕೆಂಡಿನಲ್ಲಿ ಮುಗಿಸಿತು.

ಇದು ಹೇಗೆ ಸಾಧ್ಯವಾಯಿತು? ಗ್ರೇ ಅವರೇ ಒಂದು ಹೋಲಿಕೆ ಕೊಡುತ್ತಿದ್ದರು. ಸಂಸ್ಕಾರಕದೊಳಗೇ ಇರುವ ಮಾಹಿತಿ ನಮ್ಮ ತಲೆಯಲ್ಲಿರುವ ಸಂಗತಿಯಂತೆ. ನೆನೆಯಲು ಒಂದು ನಿಮಿಷ ಸಾಕು ಎಂದುಕೊಳ್ಳೋಣ. ಅದರ ಪಕ್ಕದ 'ಕ್ಯಾಷ್' ಸ್ಮೃತಿಯಲ್ಲಿರುವುದು ಇದೇ ಕೋಣೆಯಲ್ಲಿದ್ದಂತೆ. ಮುಖ್ಯ ಸ್ಮೃತಿಯಿಂದ ತರುವುದೆಂದರೆ ಒಂದೂವರೆ ಗಂಟೆ ಪ್ರಯಾಣ ಮಾಡಿ ಬೇರೆ ಊರಿಗೆ ಹೋದಂತೆ. ಡಿಸ್ಕಿನಿಂದ ತರುವುದಂತೂ ಎರಡು ವರ್ಷ ನಡೆಸಿ ಪ್ಲೂಟೋಗೆ ಹೋದಂತೆ! ಅಂದರೆ ಸಂಸ್ಕಾರಕ ದುಡಿಯುವುದಕ್ಕಿಂತ ಕಾಯುವುದೇ ಹೆಚ್ಚು.

ಆಲ್ಫಾಸಾರ್ಟ್ ಈ ಕಾಯುವಿಕೆಯ ಮೇಲೆಯೇ ಕಣ್ಣಿಟ್ಟಿತು. ಗ್ರಂಥಪಾಲಕರು ಭಾರವಾದ ಪುಸ್ತಕಗಳನ್ನು ಎತ್ತಿಳಿಸುವ ಬದಲು ಅವುಗಳ ಸೂಚಿ ಚೀಟಿಗಳನ್ನು ಮೇಜಿನ ಮೇಲೆ ಜೋಡಿಸಿಕೊಳ್ಳುವಂತೆ, ಅದು ಕೀಲಿಯ ಮೊದಲ ಭಾಗವನ್ನೂ ದಾಖಲೆಯ ವಿಳಾಸವನ್ನೂ ಮಾತ್ರ ಹಿಡಿದು ಜೋಡಿಸಿತು. ಆ ಪುಟ್ಟ ಚೀಟಿಗಳ ಕಟ್ಟು ಕ್ಯಾಷ್‌ನಲ್ಲಿ ಹಿಡಿಸುತ್ತಿತ್ತು. ಒಂದು ತೊಟ್ಟಿಗೆ ಹಲವು ನಲ್ಲಿಗಳನ್ನು ಒಟ್ಟಿಗೆ ಬಿಟ್ಟಂತೆ ಮಾಹಿತಿಯನ್ನು ಹಲವು ಡಿಸ್ಕುಗಳಲ್ಲಿ ಹರಡಿ ಏಕಕಾಲಕ್ಕೆ ಓದಿತು.

ಈ ಗೆಲುವು ಪಂದ್ಯವನ್ನೇ ಇಕ್ಕಟ್ಟಿಗೆ ಸಿಲುಕಿಸಿತು. ಓಟ ಏಳು ಸೆಕೆಂಡಿಗೆ ಇಳಿದಾಗ, ಪ್ರೋಗ್ರಾಂ ಶುರುವಾಗುವ ಸಿದ್ಧತೆಯೇ ಗಣನೀಯ ಸಮಯ ತಿನ್ನತೊಡಗಿತು. ಓಡುವ ಹೊತ್ತಿನ ಜೊತೆಗೆ ಬೂಟಿನ ದಾರ ಕಟ್ಟುವ ಹೊತ್ತನ್ನೂ ಅಳೆದಂತೆ! ಆದ್ದರಿಂದ ಗೆದ್ದವರೇ ಹೊಸ ನಿಯಮ ಸೂಚಿಸಿದರು. ಒಂದು ನಿಮಿಷದಲ್ಲಿ ಎಷ್ಟು ಜೋಡಿಸಬಲ್ಲಿರಿ ಎಂಬುದು ಒಂದು; ಇಂತಿಷ್ಟು ಹಣಕ್ಕೆ ಎಷ್ಟು ಜೋಡಿಸಬಲ್ಲಿರಿ ಎಂಬುದು ಇನ್ನೊಂದು. ಎರಡನೆಯದು ಮುಂದೆ 'ಪೆನ್ನಿಸಾರ್ಟ್' ಆಯಿತು. ಯಂತ್ರದ ಬೆಲೆಯನ್ನು ಮೂರು ವರ್ಷಗಳಿಗೆ ಹಂಚಿ, ಒಂದು ಸೆಂಟಿಗೆ ಎಷ್ಟು ಹೊತ್ತು ದಕ್ಕುತ್ತದೆಂದು ಲೆಕ್ಕ ಹಾಕುತ್ತಿದ್ದರು. ಸಾವಿರ ಡಾಲರಿನ ಯಂತ್ರಕ್ಕೆ ಸುಮಾರು 946 ಸೆಕೆಂಡು ಸಿಕ್ಕರೆ, ಹತ್ತು ಲಕ್ಷ ಡಾಲರಿನ ಯಂತ್ರಕ್ಕೆ ಒಂದು ಸೆಕೆಂಡೂ ಇಲ್ಲ. ಹಣಬಲದ ಮೇಲುಗೈ ಹೀಗೆ ಕಳಚಿಬಿತ್ತು. ಸಾಮಾನ್ಯ ಬಳಕೆಯ ಪ್ರೋಗ್ರಾಂಗಳಿಗೆ 'ಡೇಟೋನಾ', ಪಂದ್ಯಕ್ಕೆಂದೇ ರಚಿಸಿದವಕ್ಕೆ 'ಇಂಡಿ' ಎಂದು ಕಾರು ಓಟಗಳ ಹೆಸರಿನ ಎರಡು ವರ್ಗಗಳೂ ಹುಟ್ಟಿದವು. ಹತ್ತು ಲಕ್ಷ ದಾಖಲೆಗಳ ಹಳೆಯ ಓಟ 2001ರ ಹೊತ್ತಿಗೆ ಅರ್ಧ ಸೆಕೆಂಡಿಗಿಂತ ಕೆಳಗಿಳಿದು, ನಿವೃತ್ತಿ ಪಡೆಯಿತು.

2007ರಲ್ಲಿ ವಿದ್ಯುತ್ತಿನ ಸರದಿ ಬಂತು. ಅತ್ಯಲ್ಪ ವಿದ್ಯುತ್ತಿನಲ್ಲಿ ಜೋಡಿಸುವ 'ಜೂಲ್‌ಸಾರ್ಟ್' ಪರೀಕ್ಷೆಯನ್ನು ರೂಪಿಸಿದವರು ಲ್ಯಾಪ್‌ಟಾಪಿನ 13 ಡಿಸ್ಕುಗಳನ್ನು ಹೂಡಿ ತಮ್ಮ ಯಂತ್ರ ಕಟ್ಟಿದ್ದರು. ಯಂತ್ರಗಳ ಸಂಖ್ಯೆಯೇ ವೇಗವಲ್ಲವೆಂಬುದಕ್ಕೆ 2014ರಲ್ಲಿ ಮತ್ತೊಂದು ಪುರಾವೆ ಸಿಕ್ಕಿತು. ಹಿಂದಿನ ವರ್ಷ ಯಾಹೂ ಕಂಪನಿ 2,100 ಯಂತ್ರಗಳಿಂದ 72 ನಿಮಿಷದಲ್ಲಿ ಮಾಡಿದ ಮಟ್ಟದ ಕೆಲಸವನ್ನು ಡೇಟಾಬ್ರಿಕ್ಸ್ ತಂಡ 206 ಯಂತ್ರಗಳಿಂದ 23 ನಿಮಿಷದಲ್ಲಿ ಮಾಡಿತು. ಈ ಬಾರಿ ಜೋಡಿಸಿದ್ದು ಒಂದು ಲಕ್ಷ ಕೋಟಿ ದಾಖಲೆಗಳನ್ನು.

ಇದನ್ನು ನೋಡಲು ಜಿಮ್ ಗ್ರೇ ಇರಲಿಲ್ಲ. 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಿದ್ದ ಅವರು 2007ರ ಜನವರಿ 28ರಂದು ತಾಯಿಯ ಚಿತಾಭಸ್ಮವನ್ನು ಸಮುದ್ರದಲ್ಲಿ ಬಿಡಲು ಸ್ಯಾನ್‌ಫ್ರಾನ್ಸಿಸ್ಕೊದಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೊರಟವರು ಮರಳಲಿಲ್ಲ. ಗೆಳೆಯರು ಉಪಗ್ರಹ ಚಿತ್ರಗಳನ್ನು ತುಂಡು ತುಂಡಾಗಿ ಸಾವಿರಾರು ಸ್ವಯಂಸೇವಕರಿಗೆ ಹಂಚಿ ಹುಡುಕಿಸಿದರು. ದೊಡ್ಡ ಕೆಲಸವನ್ನು ಹಲವರಿಗೆ ಹಂಚುವ ಆ ವಿಧಾನ ಅವರ ವೃತ್ತಿಯದೇ. ದೋಣಿ ಸಿಗಲಿಲ್ಲ. ಪಂದ್ಯದ ಅತಿ ದೊಡ್ಡ ವಿಭಾಗಕ್ಕೆ 'ಗ್ರೇಸಾರ್ಟ್' ಎಂದು ಹೆಸರಿಡಲಾಯಿತು.

ಅತಿವೇಗದವರು ಯಾರು ಎಂಬ ಪ್ರಶ್ನೆಗೆ ಈ ಪಂದ್ಯ ಒಂದೇ ಉತ್ತರ ಕೊಡಲಿಲ್ಲ. ಸಮಯವನ್ನು ಅಳೆದಾಗ ಒಂದು ಬಗೆಯ ಯಂತ್ರ, ಹಣವನ್ನು ಅಳೆದಾಗ ಮತ್ತೊಂದು, ವಿದ್ಯುತ್ತನ್ನು ಅಳೆದಾಗ ಇನ್ನೊಂದು ಗೆದ್ದಿತು. ಯಾವುದನ್ನು ಅಳೆಯುತ್ತೇವೋ ಅದನ್ನೇ ಜನ ಕಟ್ಟುತ್ತಾರೆ. ಅದಕ್ಕೇ ಅಳತೆಗೋಲು ಹಿಡಿದವರ ಪ್ರಾಮಾಣಿಕತೆ ಓಟಗಾರರ ಜಾಣತನದಷ್ಟೇ ಮುಖ್ಯವಾಗುತ್ತದೆ.